ಒಂದು ಕಿವಿ ಅಪ್ಪನ ಕಡೆ

ಹೋದ ವರ್ಷ ಮಳೆಗಾಲದಲ್ಲಿ ಅಪ್ಪ ಹೊಲದ ಬದುವಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಶನ್ ಆಯಿತು. ಆಮೇಲೆ ಮೂರು ತಿಂಗಳು ಬೆಂಗಳೂರಿನ ನಮ್ಮ ಮನೆಯಲ್ಲೇ ಇದ್ದರು. ರಾತ್ರಿ ಅವರು ಎದ್ದರೆ ಹಿಡಿದುಕೊಳ್ಳಲು ಒಬ್ಬರು ಬೇಕು. ಆ ಕೆಲಸ ನನ್ನದಾಯಿತು. ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ದೀಪ ಹಚ್ಚುವಂತಿರಲಿಲ್ಲ, ಹಚ್ಚಿದರೆ ಅವರಿಗೆ ಎಚ್ಚರವಾಗುತ್ತಿತ್ತು. ಮೊಬೈಲಿನ ಬೆಳಕೂ ಆಗುತ್ತಿರಲಿಲ್ಲ. ಓದುವ ಚಟ ಇರುವವರಿಗೆ ಕತ್ತಲಲ್ಲಿ ಸುಮ್ನೆ ಕೂರುವುದು ಎಷ್ಟು ಕಷ್ಟ ಅಂತ ಗೊತ್ತಲ್ವಾ? ಹಾಗಾಗಿ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪುಸ್ತಕ ಕೇಳಲು ಶುರು ಮಾಡಿದೆ. ಇನ್ನೊಂದು ಕಿವಿ ಅಪ್ಪನ ಉಸಿರಿನ ಕಡೆ.

ಹತ್ತೊಂಬತ್ತನೇ ಶತಮಾನಕ್ಕೆ ಹೋಗಿದ್ದು ಆಸೆಪಟ್ಟು ಅಲ್ಲ. ದುಡ್ಡಿಲ್ಲದೆ ಸಿಗುವ ಆಡಿಯೊಬುಕ್‌ಗಳಲ್ಲಿ ಜಾಸ್ತಿ ಇರುವುದೇ ಆ ಕಾಲದ ಪುಸ್ತಕಗಳು. ಲಿಬ್ರಿವಾಕ್ಸ್ ಅಂತ ಒಂದಿದೆ. 2005ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹ್ಯೂ ಮೆಗ್ವಾಯರ್ ಎಂಬುವರು ಶುರು ಮಾಡಿದ್ದು. ಜಗತ್ತಿನ ಎಲ್ಲೆಲ್ಲೋ ಇರುವ ಸಾಮಾನ್ಯ ಜನ ತಮ್ಮ ಮನೆಯಲ್ಲಿ ಮೈಕ್ ಮುಂದೆ ಕೂತು, ಸಂಬಳ ಇಲ್ಲದೆ, ಹಳೆಯ ಪುಸ್ತಕಗಳನ್ನು ಓದಿ ಹಾಕುತ್ತಾರೆ. ಕಾಪಿರೈಟ್ ಮುಗಿದ ಪುಸ್ತಕಗಳನ್ನು ಮಾತ್ರ. ಅಮೆರಿಕದಲ್ಲಿ ಅಚ್ಚಾಗಿ 95 ವರ್ಷ ದಾಟಿದ ಪುಸ್ತಕ ಎಲ್ಲರದ್ದಾಗುತ್ತದೆ. ಅಂದರೆ ಹತ್ತೊಂಬತ್ತನೇ ಶತಮಾನ ಪೂರ್ತಿ ಎಲ್ಲರದ್ದು. ಆ ಕಾಲದ ಯುದ್ಧ, ಪ್ರಯಾಣ, ಆತ್ಮಕಥೆ, ಚರಿತ್ರೆ ಎಲ್ಲ ಅಲ್ಲಿ ಸಾಲಾಗಿ ಕೂತಿವೆ.

ಮೊದಲು ಕೈಗೆ ಸಿಕ್ಕಿದ್ದು ಯುಲಿಸಿಸ್ ಗ್ರಾಂಟ್ ಅವರ ನೆನಪುಗಳ ಪುಸ್ತಕ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯ ನಡೆಸಿದ ಜನರಲ್, ಆಮೇಲೆ ಎರಡು ಬಾರಿ ಅಧ್ಯಕ್ಷ. ಎರಡು ಸಂಪುಟ, ಗಟ್ಟಿಯಾಗಿ ಓದಿದರೆ ಸುಮಾರು 30 ಗಂಟೆ. ನಿದ್ದೆ ಬರಿಸುವಷ್ಟು ದೊಡ್ಡದಿದೆ, ಒಂದಷ್ಟು ರಾತ್ರಿ ಕಳೆಯುತ್ತದೆ ಅಂತ ಹಚ್ಚಿದೆ. ನಿದ್ದೆ ಬರಲಿಲ್ಲ.

ಆ ಪುಸ್ತಕ ಹುಟ್ಟಿದ ಬಗೆ ಗೊತ್ತಿದ್ದರೆ ಅದನ್ನು ಕಿವಿಯಲ್ಲಿ ಕೇಳುವುದು ಬೇರೆಯೇ ಅನುಭವ. 1884ರಲ್ಲಿ ಗ್ರಾಂಟ್ ಪಾಲುದಾರರಾಗಿದ್ದ ಹಣಕಾಸಿನ ಸಂಸ್ಥೆ ಮುಳುಗಿತು. ಇನ್ನೊಬ್ಬ ಪಾಲುದಾರ ಮೋಸ ಮಾಡಿದ್ದ. ಕೈಯಲ್ಲಿ ಏನೂ ಉಳಿಯಲಿಲ್ಲ. ಅದೇ ಬೇಸಿಗೆಯಲ್ಲಿ ಒಂದು ಹಣ್ಣು ತಿನ್ನುವಾಗ ಗಂಟಲು ಉರಿಯಿತು. ಗಂಟಲಿನ ಕ್ಯಾನ್ಸರ್. ಹೆಂಡತಿ ಮಕ್ಕಳಿಗೆ ಏನಾದರೂ ಬಿಟ್ಟು ಹೋಗಬೇಕಲ್ಲ? ಬರೆಯಲು ಕೂತರು. ಮಾರ್ಕ್ ಟ್ವೇನ್ ತಮ್ಮ ಪ್ರಕಾಶನದಿಂದ ತರುತ್ತೇನೆ ಎಂದರು. ಗ್ರಾಂಟ್ ಒಂದಷ್ಟು ದಿನ ಬಾಯಲ್ಲಿ ಹೇಳಿ ಬರೆಸಿದರು. ಮುಂದೆ ದನಿಯೇ ಹೋಯಿತು. ಆಗ ಪೆನ್ಸಿಲ್ ಹಿಡಿದು ತಾವೇ ಬರೆದರು. ಮನೆಯವರ ಜೊತೆ, ಡಾಕ್ಟರ ಜೊತೆ ಚೀಟಿಯಲ್ಲೇ ಮಾತು. ಕೊನೆಯ ದಿನಗಳ ಒಂದು ಚೀಟಿಯಲ್ಲಿ, ನಾನು ಸರ್ವನಾಮ ಅಲ್ಲ ಕ್ರಿಯಾಪದ ಅನ್ನಿಸುತ್ತಿದೆ ಎಂದು ಡಾಕ್ಟರಿಗೆ ಬರೆದರು. ಇರುವುದು, ಮಾಡುವುದು, ನರಳುವುದು, ಕ್ರಿಯಾಪದ ಅಂದರೆ ಇದೇ ತಾನೆ, ನಾನು ಈ ಮೂರೂ ಆಗಿದ್ದೇನೆ ಅಂತ. ನ್ಯೂಯಾರ್ಕ್ ರಾಜ್ಯದ ಮೌಂಟ್ ಮೆಗ್ರೆಗರ್ ಎಂಬ ಬೆಟ್ಟದ ಮನೆಯಲ್ಲಿ ಪುಸ್ತಕ ಮುಗಿಸಿದ ಕೆಲವೇ ದಿನಕ್ಕೆ, 1885ರ ಜುಲೈ 23ರಂದು ತೀರಿಕೊಂಡರು. ಪುಸ್ತಕದಿಂದ ಹೆಂಡತಿ ಜೂಲಿಯಾಗೆ 4 ಲಕ್ಷ ಡಾಲರಿಗೂ ಜಾಸ್ತಿ ಬಂತು.

ದನಿ ಕಳೆದುಕೊಂಡ ಮನುಷ್ಯ ಬರೆದದ್ದನ್ನು ನೂರಮೂವತ್ತು ಚಿಲ್ಲರೆ ವರ್ಷಗಳ ನಂತರ ಯಾರೋ ಗುರುತಿಲ್ಲದವರು ದನಿ ಕೊಟ್ಟು ಓದುತ್ತಿದ್ದಾರೆ. ಪಕ್ಕದಲ್ಲಿ ಅಪ್ಪ ಮಲಗಿದ್ದಾರೆ. ಮೊದಲ ರಾತ್ರಿ ನನಗೆ ಗಂಟಲು ಕಟ್ಟಿತು.

ಆದರೆ ಹೇಳಬೇಕಾದ್ದು ಬೇರೆ ಇದೆ. ನಾನು ಚರಿತ್ರೆ ಪುಸ್ತಕಗಳನ್ನು ಕಣ್ಣಿನಲ್ಲಿ ಓದುವಾಗ ಕೆಟ್ಟ ಅಭ್ಯಾಸ ಒಂದಿತ್ತು. ಪಟ್ಟಿ ಬಂದರೆ ಹಾರಿಸುತ್ತಿದ್ದೆ. ಇಷ್ಟು ಗಾಡಿ, ಇಷ್ಟು ಹೇಸರಗತ್ತೆ, ಇಷ್ಟು ದಿನದ ರೊಟ್ಟಿ, ಈ ಹಳ್ಳದಿಂದ ಆ ಹಳ್ಳಕ್ಕೆ ಇಷ್ಟು ಮೈಲಿ. ಕಣ್ಣು ಇಂಥದ್ದನ್ನೆಲ್ಲ ಸರಕ್ಕನೆ ದಾಟಿಕೊಂಡು ಯುದ್ಧದ ಜಾಗಕ್ಕೆ ಹೋಗಿಬಿಡುತ್ತದೆ. ಕಿವಿಗೆ ಹಾಗೆ ದಾಟಲು ಬರುವುದಿಲ್ಲ. ಓದುವವರು ಒಂದೊಂದೇ ಮಾತನ್ನು ಅದರದ್ದೇ ಸಮಯ ಕೊಟ್ಟು ಹೇಳುತ್ತಾರೆ. ಮೊಬೈಲ್ ಹೊರಗೆ ತೆಗೆದು ಮುಂದಕ್ಕೆ ಓಡಿಸೋಣ ಅಂದರೆ ಬೆಳಕು ಬೀಳುತ್ತದೆ. ಹಾಗಾಗಿ ಎಲ್ಲ ಕೇಳಿದೆ. ಕೆಸರಿನಲ್ಲಿ ಹೂತ ಚಕ್ರಗಳನ್ನು ಕೇಳಿದೆ. ಮಿಸಿಸಿಪ್ಪಿ ನದಿಯ ಪಕ್ಕದ ಜೌಗಿನಲ್ಲಿ ಕಾಲುವೆ ತೋಡಿ ತೋಡಿ ಸೋತಿದ್ದನ್ನು ಕೇಳಿದೆ. 1863ರ ಏಪ್ರಿಲ್ ಕೊನೆಗೆ ಸೈನ್ಯ ಆ ನದಿ ದಾಟಿತು. ಶತ್ರು ಇರುವ ದಡದಲ್ಲೇ ಒಣ ನೆಲದ ಮೇಲೆ ಕಾಲಿಟ್ಟಾಗ ಎಷ್ಟು ನಿರಾಳವಾಯಿತು ಅಂತ ಗ್ರಾಂಟ್ ಬರೆಯುತ್ತಾರೆ. ಆ ನಿರಾಳ ನನಗೂ ಆಯಿತು. ಏಕೆಂದರೆ ಅವರ ಜೊತೆ ಎಷ್ಟೋ ರಾತ್ರಿ ನಾನೂ ಕೆಸರಿನಲ್ಲೇ ಇದ್ದೆ.

ಕಿವಿಗೆ ಕೊರತೆಯೂ ಇದೆ. ನಕ್ಷೆ ಕಾಣುವುದಿಲ್ಲ. ಗ್ರಾಂಟ್ ಸೈನ್ಯ ಹಿಡಿಯಲು ಹೊರಟಿದ್ದ ವಿಕ್ಸ್‌ಬರ್ಗ್ ಊರು ನದಿಯ ಯಾವ ತಿರುವಿನಲ್ಲಿದೆ ಅಂತ ತಿಳಿಯದೆ ಒದ್ದಾಡಿ, ಬೆಳಿಗ್ಗೆ ಹಳೆ ಕ್ಯಾಲೆಂಡರಿನ ಹಿಂದೆ ನದಿ ಬರೆದು, ಗುರುತು ಹಾಕಿ, ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಹೆಸರುಗಳೂ ಕಲಸಿಹೋಗುತ್ತವೆ. ಒಂದೇ ಪುಸ್ತಕವನ್ನು ಹಲವರು ಹಂಚಿಕೊಂಡು ಓದಿದ್ದರೆ ಒಂದು ಅಧ್ಯಾಯಕ್ಕೆ ಒಂದು ದನಿ, ಇನ್ನೊಂದಕ್ಕೆ ಇನ್ನೊಂದು. ಮೊದಮೊದಲು ಇದು ಕಿರಿಕಿರಿ ಮಾಡಿತು. ಆಮೇಲೆ ಅದೇ ಇಷ್ಟವಾಯಿತು. ಹಾಳೆ ತಿರುಗಿಸುವ ಸದ್ದು, ಎಂಜಲು ನುಂಗುವ ಸದ್ದು, ದೂರದಲ್ಲಿ ಯಾವುದೋ ನಾಯಿ. ಹಿಂದೆ ಸಂಗೀತ ಸೇರಿಸಿ, ನಾಟಕದ ಹಾಗೆ ಓದುವ ದುಬಾರಿ ಆಡಿಯೊಬುಕ್‌ಗಳಿಗಿಂತ ನನಗೆ ಇದೇ ಮೇಲು. ಈಗ ಯಂತ್ರದ ದನಿಯಲ್ಲಿ ಓದಿಸಿದ ಪುಸ್ತಕಗಳೂ ಬರುತ್ತಿವೆ. ಅವುಗಳಲ್ಲಿ ತಪ್ಪು ಕಡಿಮೆ ಇರಬಹುದು. ಆದರೆ ಸತ್ತವರ ಸಂಖ್ಯೆ ಬಂದಾಗ ಓದುವ ಮನುಷ್ಯನ ದನಿ ಒಂದು ಚೂರು ತಗ್ಗುತ್ತದೆ ನೋಡಿ, ಅದಕ್ಕಾಗಿ ನಾನು ಕಾಯುತ್ತೇನೆ.

ಹದಿನೈದು ದಿನ ಆಗಿರಬೇಕು. ನಡುರಾತ್ರಿ ಅಪ್ಪನಿಗೆ ಎಚ್ಚರವಾಯಿತು.

‘ಏನ್ ಕೇಳಾಕತ್ತೀಯವ್ವಾ ದಿನಾ?’

‘ಒಬ್ಬ ಅಮೆರಿಕಾದ ಜನರಲ್ ತನ್ನ ಕತಿ ಬರದಾನಪ್ಪಾ.’

‘ನನಗೂ ಹೇಳಲ್ಲ.’

ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಇನ್ನೊಂದು ಇಯರ್‌ಫೋನ್ ಅವರ ಕಿವಿಗೆ ಇಟ್ಟೆ. ಸ್ವಲ್ಪ ಹೊತ್ತು ಕೇಳಿ, ‘ದನಿ ಚಲೋ ಐತಿ’ ಅಂದರು. ಯುದ್ಧ ಬಿಟ್ಟು ಮೊದಲಿಂದ ಶುರು ಮಾಡೋಣ ಅಂತ ಗ್ರಾಂಟ್ ಹುಡುಗನಾಗಿದ್ದಾಗಿನ ಕುದುರೆಮರಿಯ ಕತೆಗೆ ಹೋದೆ. ಸುಮಾರು ಎಂಟು ವರ್ಷದ ಹುಡುಗ. ಪಕ್ಕದವನ ಹತ್ತಿರ ಒಂದು ಮರಿ ಇತ್ತು. ಅವನು 25 ಡಾಲರ್ ಕೇಳುತ್ತಿದ್ದ. ಗ್ರಾಂಟ್‌ನ ಅಪ್ಪ 20ಕ್ಕೆ ನಿಂತಿದ್ದ. ಹುಡುಗ ಕಾಡಿ ಬೇಡಿದ ಮೇಲೆ ಅಪ್ಪ ಹೇಳಿ ಕಳಿಸಿದ: ಮೊದಲು 20 ಅನ್ನು, ಕೊಡದಿದ್ದರೆ ಇಪ್ಪತ್ತೆರಡೂವರೆ, ಆಗಲೂ ಒಪ್ಪದಿದ್ದರೆ 25 ಕೊಟ್ಟು ತಾ. ಹುಡುಗ ಕುದುರೆ ಹತ್ತಿ ಓಡಿದ. ಮಾರುವವನ ಮುಂದೆ ನಿಂತು ಈ ಮೂರೂ ಮಾತನ್ನು ಒಂದೇ ಉಸಿರಿಗೆ ಒಪ್ಪಿಸಿದ.

ಅಪ್ಪ ನಕ್ಕರು. ಆಪರೇಶನ್ ಆದ ಮೇಲೆ ಅಷ್ಟು ಜೋರಾಗಿ ನಕ್ಕಿದ್ದು ಅದೇ ಮೊದಲು. ನಗುವಾಗ ಸೊಂಟ ನೋಯುತ್ತದೆ ಅಂತ ಕೈ ಒತ್ತಿ ಹಿಡಿದುಕೊಂಡು ನಕ್ಕರು. ‘ಅದಕ್ಕ ನೋಡವ್ವಾ ನಾವು ಟಾವೆಲ್ ಹಾಕೋದು’ ಅಂದರು. ನಮ್ಮ ಕಡೆ ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಹೇಳುತ್ತಾರೆ. ಬಾಯಿ ಬಿಡುವುದಿಲ್ಲ, ಸುತ್ತ ನಿಂತವರಿಗೆ ಎಷ್ಟಕ್ಕೆ ಮಾತು ನಡೆದಿದೆ ಅಂತ ಗೊತ್ತಾಗುವುದಿಲ್ಲ. ಹಾಗೆಯೇ ಅಪ್ಪ ತಾವು ಮೊದಲ ಸಲ ಎತ್ತು ತಂದ ಜಾತ್ರೆಯ ಕತೆ ಹೇಳಿದರು. ನನಗೆ ಗೊತ್ತಿರದ ಕತೆ ಅದು.

ಮರಿಯ ಕತೆ ಅಲ್ಲಿಗೇ ಮುಗಿಯುವುದಿಲ್ಲ. ನಾಲ್ಕು ವರ್ಷದ್ದಾದಾಗ ಅದರ ಕಣ್ಣು ಹೋಯಿತು. ಗ್ರಾಂಟ್ ಅದನ್ನು 20 ಡಾಲರಿಗೆ ಮಾರಿದರು. 1836ರಲ್ಲಿ, ಹದಿನಾಲ್ಕು ವರ್ಷದವರಾಗಿ ಬೇರೆ ಊರಿನ ಶಾಲೆಗೆ ಹೋದಾಗ, ನದಿ ದಾಟಿಸುವ ದೋಣಿಯ ಚಕ್ರ ತುಳಿಯುತ್ತಿದ್ದ ಕುರುಡು ಕುದುರೆಗಳಲ್ಲಿ ತಮ್ಮ ಮರಿಯನ್ನು ಗುರುತು ಹಿಡಿದರು. ಎರಡೇ ಮಾತಿನಲ್ಲಿ ಬರೆದು ಮುಂದೆ ಹೋಗುತ್ತಾರೆ. ಅಪ್ಪ ಏನೂ ಅನ್ನಲಿಲ್ಲ. ಬಹಳ ಹೊತ್ತಿನ ಮೇಲೆ, ‘ಮಾರಬಾರದಿತ್ತು’ ಅಂದರು.

ಅವತ್ತಿನಿಂದ ಕ್ರಮ ಬದಲಾಯಿತು. ರಾತ್ರಿ ಊಟ, ಗುಳಿಗೆ ಆದ ಮೇಲೆ ಇಬ್ಬರೂ ಒಂದೊಂದು ಕಿವಿಯಲ್ಲಿ ಕೇಳುವುದು. ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ ನಾನು ಕನ್ನಡದಲ್ಲಿ ಹೇಳುವುದು. ಅಪ್ಪ ಅದನ್ನು ‘ಪುರಾಣ ಹಚ್ಚೋದು’ ಅನ್ನುತ್ತಿದ್ದರು. ಶ್ರಾವಣದಲ್ಲಿ ಊರ ಮಠದಲ್ಲಿ ಪುರಾಣ ಹಚ್ಚುತ್ತಾರಲ್ಲ, ಹಾಗೆ. ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಊರು ಕೂತು ಕೇಳುವುದು. ಗಮಕದಲ್ಲೂ ವಾಚನ ಒಬ್ಬರದು, ವ್ಯಾಖ್ಯಾನ ಇನ್ನೊಬ್ಬರದು. ಆಡಿಯೊಬುಕ್ ಹೊಸ ಕಾಲದ್ದು ಅಂತ ನಾನು ಅಂದುಕೊಂಡಿದ್ದೆ. ಅಪ್ಪನಿಗೆ ಅದು ಹೊಸದು ಅನ್ನಿಸಲೇ ಇಲ್ಲ.

ಹೊಸದು ಅಲ್ಲವೇ ಅಲ್ಲ. 1901ರ ಜನಗಣತಿ ಪ್ರಕಾರ ನಮ್ಮ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ 5 ಜನ. ಹೆಂಗಸರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ಬದುಕಿದವರು ತಮ್ಮ ಕಾಲದ ಸುದ್ದಿಯನ್ನು ಕಿವಿಯಿಂದಲೇ ತಿಳಿದರು. ಕಿತ್ತೂರಿನಲ್ಲಿ 1824ರಲ್ಲಿ ಏನಾಯಿತು, ಸಂಗೊಳ್ಳಿ ರಾಯಣ್ಣನನ್ನು ಹೇಗೆ ಹಿಡಿದರು, ಇದೆಲ್ಲ ಊರಿಂದ ಊರಿಗೆ ಹೋಗಿದ್ದು ಲಾವಣಿಯಾಗಿ, ಡಪ್ಪು ತುಂತುಣಿಯ ಜೊತೆ.

ಆ ಶತಮಾನದವರ ದನಿ ನಮಗೆ ಉಳಿದಿರುವುದು ಬಹಳ ಕಡಿಮೆ. ಎಡಿಸನ್ ದನಿ ಹಿಡಿದಿಡುವ ಫೋನೋಗ್ರಾಫ್ ಯಂತ್ರ ಮಾಡಿದ್ದು 1877ರಲ್ಲಿ. ಮರುವರ್ಷವೇ ಅದರಿಂದ ಏನೇನು ಮಾಡಬಹುದು ಅಂತ ಒಂದು ಲೇಖನ ಬರೆದರು. ಕಣ್ಣಿಲ್ಲದವರಿಗೆ ಮಾತಾಡುವ ಪುಸ್ತಕ ಮಾಡಬಹುದು ಅಂತ ಆಗಲೇ ಹೇಳಿದ್ದರು. ಮನೆಯವರ ದನಿ, ಸಾಯುವವರ ಕೊನೆಯ ಮಾತು ಹಿಡಿದಿಡಬಹುದು ಅಂತಲೂ ಇತ್ತು. ಫ್ಲಾರೆನ್ಸ್ ನೈಟಿಂಗೇಲ್ 1890ರ ಜುಲೈ 30ರಂದು ಲಂಡನ್ನಿನ ಮನೆಯಲ್ಲಿ ಮಾತಾಡಿದ್ದು ಈಗಲೂ ಕೇಳಲು ಸಿಗುತ್ತದೆ. ಪರಪರ ಸದ್ದಿನ ನಡುವೆ ವಯಸ್ಸಾದ ಹೆಂಗಸಿನ ದನಿ. ಎಡಿಸನ್ ಯಂತ್ರ ಮೊದಲು ಮಾತಾಡಿದ ಆ 1877ರಲ್ಲಿ ನಮ್ಮಲ್ಲಿ ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ಇದ್ದದ್ದು 1881ರಲ್ಲಿ 42 ಲಕ್ಷಕ್ಕೆ ಇಳಿಯಿತು. ಹೋದವರಲ್ಲಿ ಒಬ್ಬರ ದನಿಯೂ ನಮ್ಮ ಹತ್ತಿರ ಇಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಎರಡನೇ ಸಂಪುಟದ ಕೊನೆಗೆ ಬಂದೆವು. 1865ರ ಏಪ್ರಿಲ್. ದಕ್ಷಿಣದ ಜನರಲ್ ರಾಬರ್ಟ್ ಲೀ ಅವರ ಸೈನ್ಯ ಸುತ್ತುವರಿದಿದೆ. ಹಿಂದಿನ ರಾತ್ರಿ ಗ್ರಾಂಟ್‌ಗೆ ತಡೆಯಲಾಗದ ತಲೆನೋವು. ಬಿಸಿನೀರಿಗೆ ಸಾಸಿವೆ ಹಾಕಿ ಕಾಲು ಇಳಿಬಿಟ್ಟು ಕೂತಿದ್ದರಂತೆ. ಕತ್ತಿಗೆ, ಮಣಿಕಟ್ಟಿಗೆ ಸಾಸಿವೆಯ ಪಟ್ಟಿ. ಬೆಳಿಗ್ಗೆ ಲೀ ಅವರಿಂದ ಶರಣಾಗುವ ಚೀಟಿ ಬಂದ ಕೂಡಲೇ ತಲೆನೋವು ಮಾಯ. ಅಪೊಮ್ಯಾಟಕ್ಸ್ ಎಂಬ ಸಣ್ಣ ಊರಿನ ಒಂದು ಮನೆಯಲ್ಲಿ ಇಬ್ಬರೂ ಕೂತರು. ಲೀ ಹೊಸ ಸಮವಸ್ತ್ರ ಹಾಕಿ, ಕತ್ತಿ ಕಟ್ಟಿಕೊಂಡು ಬಂದಿದ್ದರು. ಗೆದ್ದ ಗ್ರಾಂಟ್ ಮೈಮೇಲೆ ಸಾಮಾನ್ಯ ಸಿಪಾಯಿಯ ಅಂಗಿ. ಹಳೆಯ ದಿನಗಳ ಮಾತು ಎಷ್ಟು ಹಿತವಾಗಿ ಸಾಗಿತೆಂದರೆ ಬಂದ ಕೆಲಸವೇ ಮರೆಯುವಂತಾಗಿತ್ತು ಅಂತ ಗ್ರಾಂಟ್ ಬರೆಯುತ್ತಾರೆ. ಇಷ್ಟು ದಿನ ಇಷ್ಟು ಗಟ್ಟಿಯಾಗಿ ಕಾದಾಡಿದವರ ಸೋಲು ನೋಡಿ ಸಂತೋಷಪಡಲು ಆಗಲಿಲ್ಲ ಎನ್ನುತ್ತಾರೆ. ಅವರು ಕಾದಾಡಿದ ಉದ್ದೇಶ ಮಾತ್ರ ಅತ್ಯಂತ ಕೆಟ್ಟದ್ದು ಅಂತಲೂ ಸೇರಿಸುತ್ತಾರೆ.

ಆಮೇಲೆ ಕುದುರೆಯ ಮಾತು ಬಂತು. ದಕ್ಷಿಣದ ಸೈನ್ಯದಲ್ಲಿ ಸವಾರರ ಕುದುರೆಗಳು ಅವರವರ ಸ್ವಂತದ್ದು ಅಂತ ಲೀ ಹೇಳಿದರು. ಸೈನಿಕರಲ್ಲಿ ಬಹಳಷ್ಟು ಜನ ಸಣ್ಣ ರೈತರು, ಕುದುರೆ ಇಲ್ಲದಿದ್ದರೆ ಮುಂದಿನ ಚಳಿಗಾಲಕ್ಕೆ ಮನೆ ಮಂದಿಯ ಹೊಟ್ಟೆಗೆ ಬೆಳೆದುಕೊಳ್ಳುವುದು ಕಷ್ಟ ಅಂತ ಗ್ರಾಂಟ್‌ಗೆ ಅನ್ನಿಸಿತು. ಕುದುರೆಯೋ ಹೇಸರಗತ್ತೆಯೋ ತಮ್ಮದು ಅಂದವರೆಲ್ಲ ಹೊಡೆದುಕೊಂಡು ಮನೆಗೆ ಹೋಗಲಿ ಅಂದರು. ಹಸಿದಿದ್ದ ಆ ಸೈನ್ಯಕ್ಕೆ 25,000 ಜನರ ರೇಷನ್ನನ್ನೂ ಕೊಡಿಸಿದರು.

ಅಪ್ಪ ಎದ್ದು ಕೂರಿಸು ಅಂದರು. ದಿಂಬು ಕೊಟ್ಟು ಕೂರಿಸಿದೆ.

‘ಉಳಾಕ ಬಿಟ್ನಾ?’

‘ಹೌದಪ್ಪಾ. ಉಳಾಕ.’

‘ಹಲಗಲ್ಯಾಗ ಬೀಸೂಕಲ್ಲೂ ಬಿಡಲಿಲ್ಲ.’

ಹಲಗಲಿ ನಮ್ಮ ಮುಧೋಳ ಸೀಮೆಯ ಊರು. 1857ರಲ್ಲಿ ಎಲ್ಲರೂ ಆಯುಧ ಒಪ್ಪಿಸಬೇಕು ಅಂತ ಕಂಪನಿ ಸರ್ಕಾರ ಕಾಯ್ದೆ ತಂದಿತು. ಹಲಗಲಿಯ ಬೇಡರು ಕೊಡುವುದಿಲ್ಲ ಅಂದರು. ಬೇಟೆಯೇ ಬದುಕಾಗಿದ್ದವರು ಆಯುಧ ಕೊಟ್ಟು ಏನು ಮಾಡಬೇಕು? ನವೆಂಬರ್ ಕೊನೆಗೆ ದಂಡು ಬಂತು. ಊರು ಸುಟ್ಟರು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೆ ಹಾಕಿದರು, ಕೆಲವರನ್ನು ಮುಧೋಳದಲ್ಲಿ, ಉಳಿದವರನ್ನು ಹಲಗಲಿಯಲ್ಲೇ. ಆ ಕತೆಯ ಲಾವಣಿ ಇದೆ. ಶಾಸನಗಳ ಮೇಲೆ ಕೆಲಸ ಮಾಡಿದ ಬ್ರಿಟಿಷ್ ಅಧಿಕಾರಿ ಜಾನ್ ಫೇತ್‌ಫುಲ್ ಫ್ಲೀಟ್ ಇಂಥ ಲಾವಣಿಗಳನ್ನು ಸಂಗ್ರಹಿಸಿ, 1880ರ ದಶಕದಲ್ಲಿ ಇಂಗ್ಲಿಷ್ ಅನುವಾದ ಸಮೇತ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಸರ್ಕಾರದ ನೌಕರರೇ ಆಗಿದ್ದರೂ ಬರೆದಿಟ್ಟರು, ಅದಕ್ಕೆ ನಾನು ಅವರಿಗೆ ಋಣಿ.

ಹಲಗಲಿ ಬೇಡರು ನನಗೆ ಶಾಲೆಯಲ್ಲಿ ಪಾಠವಾಗಿತ್ತು. ಹಣಮ, ಬಾಲ, ಜಡಗ, ರಾಮ ಅಂತ ನಾಲ್ಕು ಹೆಸರು ಬಾಯಿಪಾಠ ಮಾಡಿದ್ದೆ. ಕೊನೆಗೆ ದಂಡಿನವರು ಏನೇನು ದೋಚಿದರು ಅಂತ ಒಂದು ಪಟ್ಟಿ ಬರುತ್ತದೆ. ನಾನು ಆ ಪಟ್ಟಿಯನ್ನು ಹಾರಿಸಿದ್ದೆ. ಪರೀಕ್ಷೆಗೆ ಅದು ಬರುವುದಿಲ್ಲ ಅಂತ ಯಾರೋ ಹೇಳಿದ್ದರು.

ಅಪ್ಪ ಆ ರಾತ್ರಿ ಪಟ್ಟಿಯನ್ನು ಪೂರ್ತಿ ಹೇಳಿದರು. ಹಾಡಲಿಲ್ಲ, ಉಸಿರು ಸಾಲುತ್ತಿರಲಿಲ್ಲ. ಒಂದೊಂದಕ್ಕೂ ಬೆರಳು ಮಡಚುತ್ತಾ ಹೇಳಿದರು. ಕೊಡಲಿ. ಕಬ್ಬಿಣ. ಮೊಸರು, ಬೆಣ್ಣೆ, ಹಾಲು. ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ. ಅಕ್ಕಿ, ಬೆಲ್ಲ. ಗಂಗಾಳ, ಚರಿಗೆ. ಮಂಗಳಸೂತ್ರ. ಬೀಸುವ ಕಲ್ಲು. ಒಂದೆರಡು ಕಡೆ ತಡೆದು, ತಲೆ ಅಲ್ಲಾಡಿಸಿ, ಮತ್ತೆ ಹಿಂದಿನಿಂದ ಶುರು ಮಾಡಿದರು.

ಬೀಸುವ ಕಲ್ಲನ್ನು ಸಿಪಾಯಿ ಯಾಕೆ ಹೊತ್ತುಕೊಂಡು ಹೋಗುತ್ತಾನೆ? ಅದನ್ನು ಮಾರಿದರೆ ಏನು ಬರುತ್ತದೆ? ಅದು ಇಲ್ಲದಿದ್ದರೆ ಈ ಮನೆಯಲ್ಲಿ ನಾಳೆ ಹಿಟ್ಟು ಇಲ್ಲ, ಅಷ್ಟೇ. ಹಾಡು ಕಟ್ಟಿದವನಿಗೆ ಇದು ಗೊತ್ತಿತ್ತು. ಎಷ್ಟು ಗುಂಡು ಹಾರಿತು ಅನ್ನುವುದಕ್ಕಿಂತ ಯಾರ ಮನೆಯ ಜೀರಿಗೆ ಹೋಯಿತು ಅನ್ನುವುದನ್ನು ಎಣಿಸಿದ. ಗ್ರಾಂಟ್‌ಗೂ ಅಪೊಮ್ಯಾಟಕ್ಸ್‌ನಲ್ಲಿ ಅದೇ ಕಂಡಿತು. ಏಳೆಂಟು ವರ್ಷಗಳ ಅಂತರದಲ್ಲಿ, ಭೂಮಿಯ ಎರಡು ತುದಿಯಲ್ಲಿ, ಗೆದ್ದವರ ಕೈಯಲ್ಲಿ ಸೋತವರ ಊಟ ಇತ್ತು. ಒಂದು ಕಡೆ ಬಿಟ್ಟರು. ಇನ್ನೊಂದು ಕಡೆ ಹೊತ್ತುಕೊಂಡು ಹೋದರು. ನಾನು ಎಷ್ಟೋ ಪುಸ್ತಕ ಓದಿದ್ದೇನೆ, ಈ ಎರಡನ್ನು ಪಕ್ಕಪಕ್ಕ ಇಟ್ಟವರು ಅಪ್ಪ.

ಇಂಥದ್ದು ಕನ್ನಡದಲ್ಲಿ ಕೇಳಲು ಇನ್ನೂ ಬೇಕು. ನಮ್ಮಲ್ಲಿ ಲೇಖಕರು ತೀರಿಕೊಂಡು 60 ವರ್ಷ ದಾಟಿದರೆ ಪುಸ್ತಕ ಎಲ್ಲರದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರನ್ನು ಕಣ್ಣಮುಂದೆ ನಿಲ್ಲಿಸುವ ಎಂ. ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ದಂಥ ಪುಸ್ತಕವನ್ನು ಯಾರು ಬೇಕಾದರೂ ಗಟ್ಟಿಯಾಗಿ ಓದಿ ಇಡಬಹುದು. ಲಾವಣಿಗಳನ್ನು ಬಲ್ಲವರು ಇನ್ನೂ ಇದ್ದಾರೆ. ಅವರನ್ನು ಸ್ಟುಡಿಯೋಗೆ ಕರೆಯುವುದೇ ಬೇಡ, ಮನೆಯ ಕಟ್ಟೆಯ ಮೇಲೆ ಫೋನ್ ಇಟ್ಟರೆ ಸಾಕು. ನಾಯಿ ಬೊಗಳಿದರೆ ಬೊಗಳಲಿ.

ಅಪ್ಪ ಈಗ ಊರಲ್ಲಿದ್ದಾರೆ. ಕೋಲು ಹಿಡಿದು ಹೊಲದವರೆಗೂ ಹೋಗುತ್ತಾರೆ. ರಾತ್ರಿ ಎಂಟಕ್ಕೆ ಫೋನು. ‘ಇವತ್ತ ಎಲ್ಲೀತನಕ ಬಂತು?’ ಅನ್ನುವುದು ಅವರ ಮೊದಲ ಮಾತು.

ಈಗ ನಡೆಯುತ್ತಿರುವುದು ಫ್ರೆಡರಿಕ್ ಡಗ್ಲಾಸ್ ಅವರ ಆತ್ಮಕಥೆ. ಗ್ರಾಂಟ್ ಪುಸ್ತಕದಲ್ಲಿ ಒಂದು ಕೊರತೆ ನನ್ನನ್ನು ಕಾಡುತ್ತಿತ್ತು. ಯುದ್ಧ ನಡೆದದ್ದೇ ಗುಲಾಮರಾಗಿದ್ದ ಸುಮಾರು 40 ಲಕ್ಷ ಜನರ ಕಾರಣಕ್ಕೆ. ಅವರು ಮಾತಾಡುವುದು ಅದರಲ್ಲಿ ಹೆಚ್ಚು ಕೇಳುವುದಿಲ್ಲ. ಡಗ್ಲಾಸ್ ಹುಟ್ಟಾ ಗುಲಾಮರು. 1838ರಲ್ಲಿ ತಪ್ಪಿಸಿಕೊಂಡು ಉತ್ತರಕ್ಕೆ ಬಂದು ಸಭೆಗಳಲ್ಲಿ ಮಾತಾಡತೊಡಗಿದರು. ಎಷ್ಟು ಚೆನ್ನಾಗಿ ಮಾತಾಡುತ್ತಿದ್ದರೆಂದರೆ, ಇವನು ಗುಲಾಮನಾಗಿದ್ದಿರಲು ಸಾಧ್ಯವೇ ಇಲ್ಲ ಅಂತ ಜನ ಅನುಮಾನಪಟ್ಟರು. ಅದಕ್ಕೇ 1845ರಲ್ಲಿ ಊರು, ಯಜಮಾನರ ಹೆಸರು ಎಲ್ಲ ಹಾಕಿ ಪುಸ್ತಕ ಬರೆದರು. ಮೊದಲು ದನಿ, ಆಮೇಲೆ ಪುಸ್ತಕ, ಈಗ ನಮ್ಮ ಕಿವಿಗೆ ಮತ್ತೆ ದನಿ.

ನಿನ್ನೆ ಬಾಲ್ಟಿಮೋರ್ ಊರಿನ ಭಾಗ ಹೇಳಿದೆ. ಯಜಮಾನನ ಹೆಂಡತಿ ಹುಡುಗನಿಗೆ ಅಕ್ಷರ ಕಲಿಸಲು ಶುರು ಮಾಡಿದ್ದು, ಗಂಡ ತಡೆದದ್ದು. ಆಮೇಲೆ ಹುಡುಗ ಮನೆಯಿಂದ ರೊಟ್ಟಿ ಜೇಬಿಗೆ ಹಾಕಿಕೊಂಡು ಹೋಗಿ, ಬೀದಿಯಲ್ಲಿ ಹಸಿದ ಬಿಳಿ ಹುಡುಗರಿಗೆ ಕೊಟ್ಟು, ಬದಲಿಗೆ ಓದುವುದನ್ನು ಕಲಿತದ್ದು.

‘ಎಷ್ಟ ರೊಟ್ಟಿಗೆ ಎಷ್ಟ ಅಕ್ಷರ?’ ಅಪ್ಪ ಕೇಳಿದರು.

‘ಅದನ್ನ ಬರದಿಲ್ಲಪ್ಪಾ.’

‘ಆ ಹುಡುಗೂರ ಹೆಸರರ ಬರದಾನೇನು?’

‘ಇಲ್ಲ. ಬರೀಬೇಕು ಅಂತ ಆಸೆ ಐತಿ, ಆದ್ರ ಗುಲಾಮಗ ಓದು ಕಲಿಸಿದ್ರು ಅಂತ ಗೊತ್ತಾದ್ರ ಅವರಿಗೆ ತ್ರಾಸ ಆಗ್ತದ ಅಂತ ಬಿಟ್ಟಾನ. ಅವರಿದ್ದ ಬೀದಿ ಹೆಸರಷ್ಟ ಹೇಳ್ಯಾನ.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಕೊಟ್ಟಿಗೆಯಲ್ಲಿ ಎತ್ತಿನ ಗಂಟೆ ಅಲುಗಿದ ಸದ್ದು ಬಂತು.

‘ಚಲೋ ಮಾಡ್ಯಾನ’ ಅಂದರು. ‘ಮುಂದ ಹೇಳು.’